ಬಿಸಿಯಾದರೆ ನಿಲ್ಲುವ ಬೈಕು

ಮಾರ್ಚ್ ೧೨, ಮಂಗಳವಾರ
ಅಂಗಡಿಯ ಊಟದ ಬಿಡುವು

ಪ್ರೀತಿಯ ಅಕ್ಕಾ,

ನಿನ್ನ ಎರಡು ಕಾಗದಗಳೂ ಕೈಸೇರಿ ತಿಂಗಳಾಗುತ್ತ ಬಂತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈದರೂ ಹಡಗಿನಿಂದ ನನಗೆ ಕೇಳಿಸುವುದಿಲ್ಲವೆಂಬ ಧೈರ್ಯ ನನಗೆ. ಮೂರು ಸಲ ಬರೆಯಲು ಕೂತು ಮೂರು ಸಲವೂ ಎದ್ದೆ.

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನ ಮಗಳು ಎರಡು ಬೆರಳು ಎತ್ತರವಾಗಿದ್ದಾಳೆ. ಭಾಗಾಕಾರ ಬಂದಿದೆ, ಈಜು ಅರ್ಧ ಬಂದಿದೆ. ಮೆಣಸು ಎಂದು ನೀನಿಟ್ಟ ಅಡ್ಡಹೆಸರಿನಿಂದಲೇ ಈಗ ಅವಳ ಟೀಚರೂ ಕರೆಯುತ್ತಾರೆ. ಹಡಗಿನ ಆಸ್ಪತ್ರೆಯಲ್ಲಿ ಅಮ್ಮನಿಗೆ ಕೆಲಸ ಮುಗಿಯಲು ಇನ್ನೆಷ್ಟು ವಾರ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆದಿಟ್ಟಿದ್ದಾಳೆ.

ಎರಡೂ ಕಾಗದದಲ್ಲಿ ಬೈಕು ಹೇಗಿದೆಯೆಂದು ಕೇಳಿದ್ದೀಯ. ಹೇಳುತ್ತೇನೆ.

ಜನವರಿಯಲ್ಲಿ ಮೊದಲು ಹಾರನ್ನಿಗೆ ನೆಗಡಿಯಾಯಿತು. ಒತ್ತಿದರೆ ಕೂಗುವ ಬದಲು ಕೆಮ್ಮುತ್ತಿತ್ತು. ಆಮೇಲೆ ಇಂಡಿಕೇಟರ್ ಮಿನುಗುವುದನ್ನು ಬಿಟ್ಟು ಸುಮ್ಮನೆ ಉರಿಯತೊಡಗಿತು. ಬ್ಯಾಟರಿ ಅಂಗಡಿಗೆ ಒಯ್ದೆ. ಅಂಗಡಿಯವನು ಸೀಟು ಎತ್ತಿ ಒಂದು ನೋಟ ನೋಡಿ, "ಬ್ಯಾಟರಿ ಸತ್ತಿದೆ ಮೇಡಂ, ಬೇರೆ ಹಾಕೋಣ" ಅಂದ. ಹಾಕಿಸಿದೆ. ಮೂರು ವಾರ ಎಲ್ಲ ಸರಿಯಿತ್ತು. ನಂತರ ಸಿಗ್ನಲ್ಲಿನಲ್ಲಿ ನಿಂತಾಗ ಹೆಡ್‌ಲೈಟು ಎಣ್ಣೆ ತೀರಿದ ದೀಪದ ಹಾಗೆ ಸಣ್ಣಗಾಗತೊಡಗಿತು. ಮತ್ತೆ ಅವನ ಬಳಿ ಹೋದೆ. ಬೆಳಗಿನಿಂದ ಅವನ ಅಂಗಡಿಯ ನೆರಳಲ್ಲೇ ನಿಂತಿದ್ದ ಬೈಕಿನ ಬ್ಯಾಟರಿಗೆ ಅವನು ಮೀಟರಿನ ಎರಡು ಕಡ್ಡಿಗಳನ್ನು ತಾಗಿಸಿ, ಇಂಜಿನ್ ಸ್ಟಾರ್ಟ್ ಮಾಡಿಸಿ, "ನೋಡಿ, ಹದಿನಾಲ್ಕು ವೋಲ್ಟ್. ಚಾರ್ಜು ಚೆನ್ನಾಗೇ ಆಗ್ತಿದೆ. ನೀವು ಸುಮ್ನೆ ಹೆದರ್ತೀರ" ಅಂದ. ನಾನೂ ನಂಬಿದೆ. ನಂಬುವುದು ಸುಲಭವಾಗಿತ್ತು.

ಫೆಬ್ರವರಿಯ ಎರಡನೇ ಶುಕ್ರವಾರ, ಸಂಜೆ ಐದರ ಸುಮಾರು. ಈಜುಕೊಳದಿಂದ ಮೆಣಸನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದೆ. ಮರದ ಮಿಲ್ಲು ದಾಟಿದರೆ ಸಿಗುವ ರೈಲ್ವೆ ಗೇಟು ಗೊತ್ತಲ್ಲ, ಅದು ತೆರೆದಿತ್ತು. ಸರಿಯಾಗಿ ಹಳಿಗಳ ನಡುವೆ ಇಂಜಿನ್ ಒಮ್ಮೆ ಬಿಕ್ಕಿ ನಿಂತುಹೋಯಿತು. ಕೀ ತಿರುಗಿಸಿದರೆ ಒಂದು ದೀಪವೂ ಇಲ್ಲ. ಹಾರನ್ನು ಒತ್ತಿದರೆ ಸದ್ದೇ ಇಲ್ಲ. ಸ್ಟ್ಯಾಂಡ್ ಹಾಕಿ ಕಿಕ್ ಹೊಡೆದೆ. ಈ ಬೈಕಿಗೆ ಕಿಡಿಯೂ ಬ್ಯಾಟರಿಯಿಂದಲೇ ಸಿಗಬೇಕು, ಅದು ಬರಿದಾದರೆ ಎಷ್ಟು ಒದ್ದರೂ ಅಷ್ಟೇ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಗೇಟಿನ ಗಂಟೆ ಬಡಿಯತೊಡಗಿತು. ರೈಲಿನ ಸದ್ದೂ ಕೇಳಿಸಿತು. ಇಬ್ಬರೂ ಇಳಿದು ಓಡಿದೆವು. ಗೇಟಿನವನು ಓಡಿಬಂದು ಬೈಕನ್ನು ಹಳಿಯಿಂದ ಆಚೆಗೆ ತಳ್ಳಿದ. ರೈಲು ಪಕ್ಕದ ಇನ್ನೊಂದು ಹಳಿಯ ಮೇಲೆ ಹಾದುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಈ ಸಾಲನ್ನು ಇನ್ನೊಮ್ಮೆ ಓದಿಕೋ ಅಕ್ಕಾ, ಯಾರಿಗೂ ಏನೂ ಆಗಲಿಲ್ಲ.

ಅಂದಿನಿಂದ ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳಿಗೆ ಹೀಗಾದರೆ ಹೇಗೆ? ಒಂದೇ ವಾರದಲ್ಲಿ ಎರಡು ಗಾಜು ಒಡೆದೆ. ಅಂಗಡಿಯ ಬಾಗಿಲಿಗೆ ಕಟ್ಟಿದ ಗಂಟೆ ಟಿಣ್ ಎಂದರೆ ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ. ಅಂಗಡಿಯ ಯಜಮಾನರು ನೋಡೀ ನೋಡೀ, ಕೊನೆಗೆ ಆ ಗಂಟೆಯನ್ನೇ ಬಿಚ್ಚಿಸಿದರು. ಬೈಕು ಮಾರಿಬಿಡು ಎಂದೂ ಹೇಳಿದರು. ಮಾರಿದರೆ ಮೆಣಸು ಶಾಲೆಗೆ ಹೋಗುವುದು ಹೇಗೆ, ಆ ದಾರಿಗೆ ಬಸ್ಸೇ ಇಲ್ಲ.

ಅವರೇ ನನ್ನನ್ನು ವೈರಿಂಗ್ ಮೇಷ್ಟ್ರ ಬಳಿ ಕಳಿಸಿದ್ದು. ಮೊದಲು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು, ಈಗ ಮನೆಯ ಮುಂದಿನ ಶೆಡ್ಡಿನಲ್ಲಿ ಹಳೆಯ ಗಾಡಿಗಳ ವೈರಿಂಗ್ ನೋಡುತ್ತಾರೆ. ಅವರೂ ಮೀಟರ್ ಹಿಡಿದರು, ಅವರಿಗೂ ಹದಿನಾಲ್ಕೇ ತೋರಿಸಿತು. ನನಗೆ ಅಳು ಬಂತು. "ಮೇಷ್ಟ್ರೇ, ಇದು ಮನೆಯಿಂದ ಹೊರಟಾಗ ಯಾವತ್ತೂ ನಿಂತಿಲ್ಲ. ಅರ್ಧ ಗಂಟೆ ಓಡಿದ ಮೇಲೇ ಕೈಕೊಡೋದು" ಅಂದೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಇದನ್ನ ಅಲ್ಲಿ ಹೇಳಿದ್ರಾ?"

"ಅವರು ಕೇಳ್ಲಿಲ್ಲ."

"ಜ್ವರ ಇಲ್ದಾಗ ನೋಡಿದ್ರೆ ಯಾರ ಕಾಯಿಲೆ ಗೊತ್ತಾಗುತ್ತೆ? ಹೋಗಿ, ಅರ್ಧ ಗಂಟೆ ಸುತ್ತಾಡ್ಸಿಕೊಂಡು ಬನ್ನಿ. ಇಂಜಿನ್ ಆಫ್ ಮಾಡ್ಬೇಡಿ."

ಆ ಅರ್ಧ ಗಂಟೆ ನಾನು ಹೇಗೆ ಓಡಿಸಿದೆನೋ. ಒಂದೇ ಬೀದಿಯಲ್ಲಿ ಗಾಣದ ಎತ್ತಿನ ಹಾಗೆ ಸುತ್ತಿದೆ. ಬಂದಾಗ ಮೀಟರು ಹನ್ನೆರಡಕ್ಕಿಳಿದಿತ್ತು. ಎಕ್ಸಿಲೇಟರ್ ತಿರುಗಿಸಿದರೂ ಮೇಲೇಳಲಿಲ್ಲ. "ನೋಡಿ, ಹೊಸದಾಗಿ ಏನೂ ಸೇರ್ತಿಲ್ಲ. ಇರೋದನ್ನೇ ತಿಂದ್ಕೊಂಡು ಓಡ್ತಿದೆ" ಅಂದರು.

ಪಕ್ಕದ ಮುಚ್ಚಳ ಬಿಚ್ಚಿದರು. ಇಂಜಿನ್ನಿನಿಂದ ಕರೆಂಟು ತರುವ ಮೂರು ಹಳದಿ ವೈರುಗಳು ಒಂದು ಪ್ಲಾಸ್ಟಿಕ್ ಕನೆಕ್ಟರಿನಲ್ಲಿ ಸೇರುತ್ತವೆ. ಅದರ ಒಂದು ಮೂಲೆ ಕರಗಿ, ಒಳಗಿನ ಪಿನ್ನು ಇದ್ದಿಲಾಗಿತ್ತು. ನಾನು ಸಿಕ್ಕಿತೆಂದು ಉಸಿರು ಬಿಟ್ಟೆ. ಅವರು ಬಿಡಲಿಲ್ಲ. "ಕಂಡ ತಪ್ಪಿಗೇ ನಿಲ್ಬಾರ್ದು" ಎಂದು ಮೂರೂ ವೈರುಗಳನ್ನು ಎರಡೆರಡಾಗಿ ಅಳೆದರು. ಮೂರು ಸಲವೂ ಒಂದೇ ಲೆಕ್ಕ ಬಂತು. "ಕರೆಂಟು ಹುಟ್ಟೋ ಕಡೆ ಸರಿ ಇದೆ. ದಾರೀಲಿ ಕಳೆದುಹೋಗ್ತಿದೆ. ತಣ್ಣಗಿದ್ದಾಗ ಈ ಪಿನ್ನು ಅಂಟ್ಕೊಳ್ಳುತ್ತೆ, ಬಿಸಿಯಾದ್ರೆ ಬಿಟ್ಕೊಳ್ಳುತ್ತೆ." ವರ್ಷದಿಂದ ಒಳಗೊಳಗೇ ಸುಡುತ್ತಿದ್ದಿರಬಹುದಂತೆ. ಅಂದರೆ ನೀನೂ ಇದೇ ಬೈಕಿನಲ್ಲಿ ಅದೇ ಗೇಟು ದಾಟಿದ್ದೀಯ.

ಸುಟ್ಟದ್ದನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರು, ಅರ್ಥ್ ವೈರಿನ ತುಕ್ಕು ಕೆರೆದರು, ಮತ್ತೆ ಅರ್ಧ ಗಂಟೆ ಓಡಿಸಿ ಅಳೆದರು. ಹದಿನಾಲ್ಕಕ್ಕೆ ನಿಂತಿತು. "ಇನ್ನು ಇದು ನಿಮ್ಮನ್ನ ನಡುದಾರೀಲಿ ಬಿಡಲ್ಲ" ಅಂದರು. ಅವರ ಮುಖ ನೋಡಲಾಗದೆ ಹೂಂ ಎಂದು ಬಂದುಬಿಟ್ಟೆ.

ಈಗ ನಾನೇ ಒಂದು ಚಿಕ್ಕ ಮೀಟರ್ ಇಟ್ಟುಕೊಂಡಿದ್ದೇನೆ. ಹೊರಡುವ ಮುಂಚೆ ನೋಡುತ್ತೇನೆ, ತಲುಪಿದ ಮೇಲೆ ನೋಡುತ್ತೇನೆ. ಎರಡು ವಾರದಿಂದ ಒಂದು ದಿನವೂ ತಪ್ಪು ತೋರಿಸಿಲ್ಲ. ಆದರೂ ಎದೆ ಹೊಡೆದುಕೊಳ್ಳುವುದು ನಿಂತಿಲ್ಲ. "ಚಿಕ್ಕಮ್ಮಾ, ಬೈಕಿಗೆ ಜ್ವರ ಬಿಟ್ಟಾಯ್ತು, ಈಗ ನಿಂಗೇ ಇರೋದು" ಎನ್ನುತ್ತಾಳೆ ಮೆಣಸು. ರೈಲ್ವೆ ಗೇಟಿನ ಕಡೆ ಹೋಗುವುದಿಲ್ಲ. ಸೇತುವೆ ಬಳಸಿ ಹೋಗುತ್ತೇವೆ, ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ.

ಬಿಡುವು ಮುಗಿಯಿತು. ಗಾಳಿಗೆ ನಿಲ್ಲುವಾಗ ಕಿವಿ ಮುಚ್ಚಿಕೋ, ನಿನಗೆ ಬೇಗ ಶೀತವಾಗುತ್ತದೆ. ನಿನ್ನ ವಾರ್ಡಿನ ರೋಗಿಗಳೆಲ್ಲ ಬೇಗ ಎದ್ದು ಓಡಾಡಲಿ. ಸಮುದ್ರ ನಿನ್ನ ಪಾಲಿಗೆ ಶಾಂತವಾಗಿರಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ, ನನಗೀಗ ಅದು ಬೇಕು.

ನಿನ್ನ ತಂಗಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಇಬ್ಬರೂ ಇಳಿದು ಓಡಿದೆವು ಎಂದು ಬರೆದದ್ದು ಸುಳ್ಳು. ರೈಲು ಕೂಗಿದಾಗ ನಾನೊಬ್ಬಳೇ ಓಡಿದೆ. ಗೇಟಿನ ಆಚೆ ನಿಂತು ತಿರುಗಿ ನೋಡಿದರೆ ಅವಳು ಇನ್ನೂ ಸೀಟಿನ ಮೇಲಿದ್ದಳು. ಬ್ಯಾಗಿನ ಪಟ್ಟಿ ಹಿಂದಿನ ಕಂಬಿಗೆ ಸಿಕ್ಕಿಕೊಂಡಿತ್ತು. ಕೂಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಗೇಟಿನವನು ಬ್ಯಾಗಿನ ಸಮೇತ ಅವಳನ್ನು ಎತ್ತಿಕೊಂಡು ಬಂದ. ಅವಳು ಹಿಂದಿರುವುದು ಮರೆತುಹೋಯಿತು ಎಂದು ಬರೆಯಲು ಹೊರಟಿದ್ದೆ. ಮರೆತಿರಲಿಲ್ಲ ಅಕ್ಕಾ. ಗೊತ್ತಿದ್ದೇ ಓಡಿದೆ. ಇನ್ನು ಅವಳನ್ನು ನನ್ನ ಬಳಿ ಬಿಡಬೇಕೋ ಬೇಡವೋ, ನೀನೇ ಹೇಳು.

ಅವಳು ಆ ದಿನದ ಮಾತೇ ಎತ್ತಿಲ್ಲ. ಆದರೆ ಈಗ ಬೈಕಿನ ಮೇಲೆ ಎರಡೂ ಕೈಯಿಂದ ನನ್ನ ಸೊಂಟ ಬಳಸಿ, ಬೆರಳಿಗೆ ಬೆರಳು ಹೆಣೆದು ಕೂರುತ್ತಾಳೆ. ಹೆದರಿಕೆಯಿರಬೇಕು ಅಂದುಕೊಂಡಿದ್ದೆ. ನಿನ್ನೆ ಕೇಳಿದೆ, "ಯಾಕೆ ಮೆಣಸು ಇಷ್ಟು ಬಿಗಿಯಾಗಿ ಹಿಡ್ಕೊಳ್ತೀಯ?"

ಕೋಪವೇನೂ ಇರಲಿಲ್ಲ ದನಿಯಲ್ಲಿ. "ನೀನು ಇಳಿದ್ರೆ ನಂಗೆ ಗೊತ್ತಾಗ್ಲಿ ಅಂತ" ಅಂದಳು.