ಗಾಳಿಗೆ ಹಾರದ ಚೆಂಡು

ಇಂದಿರಾಪುರಂ
ಭಾನುವಾರ, 16 ಫೆಬ್ರವರಿ 2025

ಪ್ರಿಯ ಮಹಂತೇಶ್,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನೆ ನಿನ್ನ ವಸಂತ್ ಕುಂಜ್ ಮನೆಯಿಂದ ಬಂದ ಹಂಸಿನಿ ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ಕೂತುಬಿಟ್ಟಳು. "ಪಪ್ಪಾ ನೆ ಕಹಾ, ಮುಂದಿನ ವಾರ ಬರ್ಬೇಡ ಅಂತ. ಅವರ ಹತ್ರ ಮಾತೇ ಇಲ್ವಂತೆ, ಮಮ್ಮಾ," ಎಂದಳು. ನಿನ್ನ ಮಗಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿ ಹತ್ತಿಕೊಳ್ಳುವುದನ್ನು ಕೇಳಿ ಎಷ್ಟು ಸಲ ನಕ್ಕಿದ್ದೇವೆ. ನಿನ್ನೆ ನಗು ಬರಲಿಲ್ಲ.

ವಾಟ್ಸಾಪ್‌ನಲ್ಲಿ ಬರೆದರೆ ಹೆಬ್ಬೆರಳೆತ್ತಿದ ಚಿತ್ರ ಕಳಿಸಿ ಮುಗಿಸುತ್ತೀಯ. ಅದಕ್ಕೇ ಈ ಕಾಗದ. ನನ್ನ ಕಾನ್ವೆಂಟ್ ಕನ್ನಡವನ್ನು ಕೆಂಪು ಶಾಯಿಯಲ್ಲಿ ತಿದ್ದಿದರೂ ಚಿಂತೆಯಿಲ್ಲ, ಕೊನೆಯವರೆಗೆ ಓದು.

ನಿನ್ನ ಖಿನ್ನತೆಗೆ ಮಾತ್ರೆಯ ಜೊತೆಗೆ ತಪ್ಪದೆ ವ್ಯಾಯಾಮವನ್ನೂ ಮಾಡಬೇಕೆಂದು ಡಾಕ್ಟರು ಹೇಳಿದರಂತೆ. ನೀನು, "ಓಡಿದ್ರೆ ತಲೆಯೊಳಗಿರೋದು ಹಿಂದೆ ಉಳ್ಕೊಂಡ್ಬಿಡುತ್ತಾ?" ಎಂದು ನಕ್ಕೆಯಂತೆ. ಪ್ರಶ್ನೆ ಸರಿಯಾದದ್ದೇ. ಆದರೆ ನನಗೆ ತಕ್ಷಣ ನೆನಪಾದದ್ದು ಇಲ್ಲಿ ದೆಹಲಿಯಲ್ಲಿ ಅಪ್ಪನ ಸರ್ಕಾರಿ ಕ್ವಾರ್ಟರ್ಸಿನ ಹಿಂದಿದ್ದ ಆ ಮಣ್ಣಿನ ಕೋರ್ಟು.

ಇಡೀ ಕಾಲೊನಿಯಲ್ಲಿ ಬಾಲ್ ಬ್ಯಾಡ್ಮಿಂಟನ್ ಅಂದರೇನೆಂದು ಗೊತ್ತಿದ್ದದ್ದು ನಮ್ಮ ಕನ್ನಡದವರಿಗೆ ಮಾತ್ರ. ಊರಿಗೆ ಹೋದವರು ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹಿಂದಿರುಗುವಾಗ ಸಾರಿನ ಪುಡಿಯ ಡಬ್ಬಿಯ ಪಕ್ಕದಲ್ಲಿ ಹಳದಿ ಉಣ್ಣೆಯ ಚೆಂಡುಗಳನ್ನು ತುರುಕಿಕೊಂಡು ತರಬೇಕಿತ್ತು. ಕ್ರಿಕೆಟ್ ಆಡುವ ಹುಡುಗರು ಬೇಲಿಗೆ ಒರಗಿ, "ಅಂಕಲ್ ಜೀ, ಸ್ವೆಟರ್ ಬುನ್‌ನಾ ಹೈ ಕ್ಯಾ?" ಎಂದು, ಆ ಉಣ್ಣೆಯಲ್ಲಿ ಸ್ವೆಟರ್ ಹೆಣೆಯುತ್ತೀರಾ ಎಂದು, ಕೂಗುತ್ತಿದ್ದರು. ಅಪ್ಪನಿಗೆ ಅದು ಕಿವಿಗೇ ಬೀಳುತ್ತಿರಲಿಲ್ಲ. ಆಫೀಸಿನಿಂದ ಮೋರೆ ಇಳಿಸಿಕೊಂಡು ಬರುತ್ತಿದ್ದ ನಮ್ಮಪ್ಪ ದೇವೇಂದ್ರಪ್ಪನವರು ಬೇರೆ, ಬ್ಯಾಟ್ ಹಿಡಿದವರು ಬೇರೆ. ಅಮ್ಮನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮನೆಯ ಯಾವ ತಕರಾರನ್ನೂ ಆಟಕ್ಕೆ ಮುಂಚೆ ಎತ್ತುತ್ತಿರಲಿಲ್ಲ. "ಮೊದ್ಲು ಬೆವರು ಬರ್ಲಿ, ಆಮೇಲೆ ಹೇಳ್ತೀನಿ," ಎನ್ನುತ್ತಿದ್ದಳು. ನನ್ನ ಕಡಿಮೆ ಅಂಕಗಳೂ, ಕೊನೆಗೆ ನಮ್ಮಿಬ್ಬರ ಮದುವೆಯ ಮಾತೂ ಅಪ್ಪನನ್ನು ತಲುಪಿದ್ದು ಬೆವರಿನ ಮೇಲೆಯೇ.

ನೀನು ದಾವಣಗೆರೆಯಿಂದ ಹೊಸ ನೌಕರಿಗೆ ಬಂದಾಗ ರಜೆಯ ದಿನವೆಲ್ಲ ಮಲಗಿರುತ್ತಿದ್ದೆ. ಅಪ್ಪ ನಿನ್ನನ್ನು ಎಬ್ಬಿಸಿ ಕರೆತಂದರು. "ಏನಯ್ಯಾ, ಬ್ಯಾಟ್ ಹಿಡ್ದಿದ್ದೀಯೋ, ದೋಸೆ ಮಗುಚೋ ಕೈ ಹಿಡ್ದಿದ್ದೀಯೋ?" ಎಂದು ಎಲ್ಲರೆದುರು ಛೇಡಿಸಿದರು. ನೀನು ಮರುದಿನವೂ ಬಂದೆ, ಅದರ ಮರುದಿನವೂ. ಮಳೆಗಾಲದ ಹೊತ್ತಿಗೆ ನಮ್ಮ ಮನೆಯಲ್ಲಿ ಮೂರನೇ ಸಲ ಅನ್ನ ಕೇಳುವಷ್ಟು ಸಲಿಗೆ ಬಂದಿತ್ತು. ನೀನು ನನ್ನ ಜೊತೆ ಆಡಿದ ಮೊದಲ ಪೂರ್ತಿ ವಾಕ್ಯ, "ನಿಮ್ಮ ಬ್ಯಾಕ್‌ಹ್ಯಾಂಡ್ ಅಷ್ಟೇನೂ ಚೆನ್ನಾಗಿಲ್ಲ." ಅಂಥವನನ್ನು ಮದುವೆಯಾದೆ ನೋಡು.

ಇನ್ನು ನಿನಗೆ ಹೇಳದೆ ಇಟ್ಟದ್ದು. ಕಳೆದ ವರ್ಷ, ನಿನ್ನಿಂದ ಮನೆಯೆಲ್ಲ ಮಂಕಾಗುತ್ತಿದೆಯೆಂದು ನೀನು ಬೇರೆ ಮನೆ ಹಿಡಿದೆ. ನಾನು ಚೆನ್ನಾಗಿಯೇ ಇದ್ದೇನೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಇರಲಿಲ್ಲ. ಮೆಟ್ರೋದಲ್ಲಿ ಬಾಗಿಲ ಕಡೆ ಮುಖ ಮಾಡಿ ನಿಲ್ಲುತ್ತಿದ್ದದ್ದು ಕಣ್ಣೊರೆಸಿಕೊಳ್ಳಲು. ಆಗ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಮರಿಯಪ್ಪನವರು, ರಿಟೈರಾದ ಸೆಕ್ಷನ್ ಆಫೀಸರು, ಎಲ್ಲಿಂದಲೋ ಉಣ್ಣೆಯ ಚೆಂಡು ತರಿಸಿ ನನ್ನನ್ನೂ ಆಟಕ್ಕೆ ಕರೆದರು. ಶಟಲ್ ಇಲ್ಲಿಯ ಗಾಳಿಗೆ ಹಾರಿಹೋಗುತ್ತದೆ. ಅದಕ್ಕೇ ಟವರುಗಳ ನಡುವಿನ ಕೋರ್ಟು ಬೆಳಗಿನ ಹೊತ್ತು ಖಾಲಿ ಬಿದ್ದಿರುತ್ತಿತ್ತು. ಉಣ್ಣೆಯ ಚೆಂಡಿಗೆ ಆ ಗಾಳಿ ಲೆಕ್ಕಕ್ಕಿಲ್ಲ. ಮೊದಮೊದಲು ಮಂಡಿ ನೋವು ಬಿಟ್ಟು ಏನೂ ಸಿಗಲಿಲ್ಲ. "ಏನಮ್ಮಾ, ಸೊಳ್ಳೆ ಹೊಡೀತಿದ್ದೀಯಾ?" ಎಂದು ಮರಿಯಪ್ಪನವರು ಕೇಳಿದ ದಿನ ಇನ್ನು ಬರುವುದೇ ಇಲ್ಲವೆಂದುಕೊಂಡೆ. ಆದರೂ ಹೋದೆ.

ಕೆಲವು ವಾರಗಳಾದ ಮೇಲೆ ಒಂದು ಸಂಜೆ ತರಕಾರಿ ಗಾಡಿಯ ಮುಂದೆ ಕೊತ್ತಂಬರಿ ಸೊಪ್ಪಿನ ವಾಸನೆ ಬಂತು. ದಿನವೂ ಕೊಳ್ಳುತ್ತಿದ್ದ ಸೊಪ್ಪೇ. ಎಷ್ಟೋ ತಿಂಗಳಿಂದ ಅದಕ್ಕೆ ವಾಸನೆಯೇ ಇರಲಿಲ್ಲ. ಆ ಖುಷಿಯಲ್ಲಿ ಇನ್ನೊಂದು ಹಿಡಿ ಬಿಟ್ಟಿಯಾಗಿ ಹಾಕೆಂದು ಜಗಳ ತೆಗೆದೆ. ಭಯ್ಯಾ ಮುಖವರಳಿಸಿ, "ಮೇಡಂ, ಬಹುತ್ ದಿನ್ ಬಾದ್ ಲಡೀ ಹೋ ಆಪ್!" ಎಂದ, ಬಹಳ ದಿನದ ಮೇಲೆ ಜಗಳವಾಡಿದಿರಿ ಎಂದು.

ನಾನು ಸುಮ್ಮನೆ ನಂಬುವವಳಲ್ಲ, ಓದಿ ನೋಡಿದೆ. ಮೈ ದಣಿಸಿದಾಗ ಮಿದುಳಿಗೆ ರಕ್ತ ಚೆನ್ನಾಗಿ ಹರಿಯುತ್ತದಂತೆ, ಮನಸ್ಸನ್ನು ಹಗುರ ಮಾಡುವ ರಾಸಾಯನಿಕಗಳು ಹುಟ್ಟುತ್ತವಂತೆ, ನೆನಪು ಹಿಡಿದಿಡುವ ಭಾಗಕ್ಕೂ ಬಲವಂತೆ. ಆದರೆ ವಾರಗಟ್ಟಲೆ ಬಿಡದೆ ಮಾಡಬೇಕು. ನನ್ನನ್ನು ಎತ್ತಿದ್ದು ಇದೋ, ಅಥವಾ ದಿನಾ ಬೆಳಿಗ್ಗೆ ನಾಲ್ಕು ಜನ ನನ್ನ ಹೆಸರು ಹಿಡಿದು ಬೈದದ್ದೋ? ಬಿಡಿಸಿ ಹೇಳಲಾರೆ. ನವೆಂಬರಿನ ಹೊಗೆಗೆ ಆಟ ನಿಂತಿತು. ಹತ್ತು ಹದಿನೈದು ದಿನದಲ್ಲೇ ನಾನು ಮತ್ತೆ ಮೆಟ್ರೋ ಬಾಗಿಲಿಗೆ ಮುಖ ಮಾಡಿ ನಿಂತಿದ್ದೆ. "ಚಲೋ ಮಮ್ಮಾ, ಮೆಟ್ಟಿಲು ಹತ್ತೋಣ," ಎಂದು ಹಂಸಿನಿ ಒಳಗಿನ ಮೆಟ್ಟಿಲುಗಳ ಮೇಲೆ ದಬ್ಬಿಕೊಂಡು ಹೋದಳು. ಆಗಲೇ ನನಗೆ ನಿನ್ನದು ಸೋಮಾರಿತನವಲ್ಲವೆಂದು ಅರ್ಥವಾದದ್ದು. ಎದ್ದರೆ ಸರಿಹೋಗುತ್ತದೆ ಎನ್ನುವುದು ಸುಲಭ. ಆ ಸ್ಥಿತಿಯಲ್ಲಿ ಏಳುವುದೇ ಬೆಟ್ಟ.

ಮಾತ್ರೆ ಬಿಡಬೇಡ. ಮನೆಗೆ ಮರಳಿ ಬಾ ಎಂದೂ ಈ ಕಾಗದದಲ್ಲಿ ಕೇಳುತ್ತಿಲ್ಲ. ಅದು ನಾವಿಬ್ಬರೂ ನಿಧಾನವಾಗಿ ಯೋಚಿಸಬೇಕಾದದ್ದು. ಈಗ ಆಟ ಮತ್ತೆ ಶುರುವಾಗಿದೆ, ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಕೋರ್ಟಿಗೆ ಬಾ. ಮಾತಿಲ್ಲ ಎಂದೆಯಲ್ಲ, ಅಲ್ಲಿ ಯಾರಿಗೂ ಮಾತು ಬೇಕಿಲ್ಲ. ಬೆಂಚಿನ ಮೇಲೆ ಕೂತಿದ್ದು ಹೋದರೂ ಸರಿ. ಹಂಸಿನಿಗೆ ಮಾತ್ರ, ಬರಬೇಡ ಎಂದು ಇನ್ನೊಮ್ಮೆ ಹೇಳಬೇಡ. ನಿನ್ನ ಮೌನವನ್ನು ಆ ಹುಡುಗಿ ಸಹಿಸುತ್ತಾಳೆ, ಮುಚ್ಚಿದ ಬಾಗಿಲನ್ನಲ್ಲ.

ನಿನ್ನ,
ಅಮಿತಾ

ಮರೆತಿದ್ದೆ: ಈಗ ಗೇಟಿನಲ್ಲಿ ಬರುವವರ ಹೆಸರನ್ನು ಮೊದಲೇ ಸೊಸೈಟಿಯ ಆ್ಯಪ್‌ನಲ್ಲಿ ಹಾಕಿಡಬೇಕು. ಅತಿಥಿ ಎಂದು ಹಾಕಿದರೆ ಗಾರ್ಡು ಮನೆಗೆ ಫೋನ್ ಮಾಡಿ, ಬಿಡಲೇ ಎಂದು ಕೇಳುತ್ತಾನೆ. ಮನೆಯವರು ಎಂದಿದ್ದರೆ ಸಲಾಂ ಹೊಡೆದು ಗೇಟು ತೆರೆಯುತ್ತಾನೆ. ಫೋನು ಹಿಡಿದು ಬಹಳ ಹೊತ್ತು ಕೂತಿದ್ದೆ. ನಿನ್ನನ್ನು ಅಲ್ಲಿ ಯಾರೂ ಏನೂ ಕೇಳುವುದಿಲ್ಲ.