ನಿಮ್ಮಪ್ಪನ ಬಾಯಿಗೆ ರುಚಿ ಬಂತು

ವೈದ್ಯನಾಥಪುರ, ಮದ್ದೂರು ತಾಲ್ಲೂಕು
೨೦–೨–೨೦೨೫

ಮುದ್ದು ಮಗಳು ಕುಸುಮಾ,

ಹೇಗಿದ್ದೀಯ? ಅಳಿಯ ಅಶೋಕನ ಬೆನ್ನುನೋವು ಕಮ್ಮಿಯಾಯಿತಾ? ಮಳವಳ್ಳಿಯ ನೀರು ಈಗಲಾದರೂ ನಿನಗೆ ಒಗ್ಗಿತಾ? ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅಂಗನವಾಡಿಯಲ್ಲಿ ಎಂಥೆಂಥ ಹಟಮಾರಿಗಳನ್ನು ಪಳಗಿಸಿದವಳು ನಾನು, ನೀನು ಯಾವ ಲೆಕ್ಕ? ಅದಕ್ಕೇ ಈ ಕಾಗದ. ಹರಿದು ಬಿಸಾಡುವ ಮೊದಲು ಓದು. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನೂ ಈಗ ಚೆನ್ನಾಗಿದ್ದಾರೆ. ಈ ಮಾತು ಬರೆಯಬೇಕು ಎಂದು ಎಷ್ಟು ಹಂಬಲಿಸಿದ್ದೆನೋ!

ಸಂಕ್ರಾಂತಿಯ ದಿನ ಆದದ್ದನ್ನು ಮರೆತುಬಿಡು ಎಂದು ನಾನು ಹೇಳುವುದಿಲ್ಲ. ಕೇಳದೆ ಮದುವೆಯಾದೆ ಎಂದು ಮುನಿಸಿಕೊಂಡಿದ್ದ ಅಪ್ಪ ಅವತ್ತು ತಾವಾಗಿಯೇ ನಿನ್ನನ್ನು ಕರೆಸಿದ್ದರು. ನಮ್ಮ ಕಡೆ ಮುನಿದವರು ಒಂದಾದರು ಅನ್ನಬೇಕಾದರೆ ಜೊತೆಯಲ್ಲಿ ಕೂತು ಉಣ್ಣಬೇಕಲ್ಲ, ನೀನೇ ಒಲೆ ಮುಂದೆ ನಿಂತು ಹಿತಕಿದ ಅವರೆಬೇಳೆ ಸಾರು ಮಾಡಿದೆ. ನೆಂಟರೆಲ್ಲ ನೋಡುತ್ತಿರುವಾಗಲೇ ಅವರು ಮೊದಲ ತುತ್ತನ್ನು ಉಗಿದು, ‘ಏನಿದು, ಇಸವಾ?’ ಎಂದುಬಿಟ್ಟರು. ನೀನು ಕೈ ಕೂಡ ತೊಳೆಯದೆ ಮಳವಳ್ಳಿ ಬಸ್ಸು ಹತ್ತಿದೆ. ಒಳಗೊಳಗೇ ಸಿಟ್ಟು ಇಟ್ಟುಕೊಂಡು ಕರೆಸಿ ಅವಮಾನ ಮಾಡಿದರು ಎಂದು ನಾನೂ ನಾಲ್ಕು ದಿನ ಅವರ ಜೊತೆ ಮಾತು ಬಿಟ್ಟೆ.

ಆಮೇಲೆ ನಾನು ಬಡಿಸಿದ್ದನ್ನೂ ಅರ್ಧಕ್ಕೇ ಬಿಟ್ಟು ಏಳತೊಡಗಿದರು. ಕೇಳಿದರೆ ಹಸಿವಿಲ್ಲ ಅನ್ನುವುದು. ಒಂದು ದಿನ ಆಲೆಮನೆಯಿಂದ ಬಂದ ಬಿಸಿ ಬೆಲ್ಲವನ್ನು ಬಾಯಿಗಿಟ್ಟುಕೊಂಡವರು ಮುಖ ಕಿವುಚಿ, ‘ಬೆಲ್ಲಾನೂ ಬೇವಿನ್ ಸೊಪ್ಪು ಅಗ್ದಂಗದೆ ಕಣಮ್ಮಿ’ ಎಂದರು. ಬಾಯಿ ಕಹಿ ಎಂದರೆ ನಮ್ಮೂರಿನಲ್ಲಿ ಇನ್ನೇನು, ಕಾಮಾಲೆ! ಯಾರೋ ಹೇಳಿದರು ಎಂದು ಸೊಪ್ಪಿನ ಔಷಧಿ ಕುಡಿಸಿ, ಉಪ್ಪು ಎಣ್ಣೆ ಇಲ್ಲದ ಪಥ್ಯವನ್ನೂ ಹಿಡಿಸಿದೆವು. ಮೊದಲೇ ಉಣ್ಣದ ಮನುಷ್ಯ ಇನ್ನಷ್ಟು ಸೊರಗಿದರು. ಷರಟು ಗೂಟಕ್ಕೆ ನೇತುಹಾಕಿದ ಹಾಗೆ ಕಾಣುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು ಕಣೇ.

ಕೊನೆಗೆ ಮಂಡ್ಯದ ನರರೋಗದ ಡಾಕ್ಟರು ಹರಿಪ್ರಿಯಾ ಅವರ ಹತ್ತಿರ ಹೋದೆವು. ಸ್ಕ್ಯಾನ್ ನೋಡಿ, ಕಾಮಾಲೆಯೂ ಇಲ್ಲ, ನಾಲಿಗೆಗೂ ಏನೂ ಆಗಿಲ್ಲ ಎಂದರು. ಮಿದುಳಿನಲ್ಲಿ, ಕಿವಿಯ ಮೇಲ್ಗಡೆಯ ಒಳಮಡಿಕೆಯಲ್ಲಿ ಚೂರು ರಕ್ತ ಹೆಪ್ಪುಗಟ್ಟಿತ್ತಂತೆ. ಹಬ್ಬದ ಬೆಳಿಗ್ಗೆ ತಲೆ ಸುತ್ತುತ್ತಿದೆ ಎಂದು ಜಗಲಿಯ ಮೇಲೆ ಕೂತಿದ್ದರಲ್ಲ, ಆಗಲೇ ಆಗಿರಬೇಕು. ನಾಲಿಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೆ, ಅದನ್ನು ಸಿಹಿ, ಕಹಿ ಎಂದು ಗುರುತಿಸುವುದು ಆ ಮಡಿಕೆಯಂತೆ. ಒಂದೊಂದು ರುಚಿಗೆ ಒಂದೊಂದು ಜಾಗ ಇದೆಯಾ ಎಂದು ಕೇಳಿದೆ. ಅದರಲ್ಲಿ ತಿಳಿದವರಿಗೇ ಇನ್ನೂ ವಾದವಿದೆಯಂತೆ. ಅವೇ ಜೀವಕೋಶಗಳು ಒಂದೊಂದು ರುಚಿಗೆ ಒಂದೊಂದು ರೀತಿ ಗುಂಪು ಕಟ್ಟಿ ಎಚ್ಚರಗೊಳ್ಳುತ್ತವೆ ಎಂದು ತುಂಬಾ ಜನ ಹೇಳುತ್ತಾರಂತೆ. ನನಗೆ ನನ್ನ ಅಂಗನವಾಡಿ ಕಣ್ಣಿಗೆ ಕಟ್ಟಿತು. ಮಕ್ಕಳು ಅವೇ, ಹಾಡು ಬೇರೆಯಾದರೆ ಎದ್ದು ಕುಣಿಯುವವರು ಬೇರೆ. ನಿಮ್ಮಪ್ಪನ ತಲೆಯಲ್ಲಿ ಬೆಲ್ಲದ ಹಾಡಿಗೆ ಹಾಗಲಕಾಯಿಯ ಗುಂಪು ಎದ್ದು ಕುಣಿಯುತ್ತಿತ್ತು! ಕೈಕಾಲು ಬೀಳಲಿಲ್ಲ, ಅದೇ ನಮ್ಮ ಪುಣ್ಯ. ಮಾತ್ರೆ ತೆಗೆದುಕೊಂಡರೆ ನಿಧಾನಕ್ಕೆ ಸರಿಹೋಗಬಹುದು ಎಂದು ಧೈರ್ಯ ಹೇಳಿದರು.

ಇವತ್ತು ಬೆಳಿಗ್ಗೆ ಮುದ್ದೆ ಮುರಿದು ಸಾರಿಗೆ ಅದ್ದಿದವರು, ‘ಲೇ, ಉಪ್ಪು ಆಕೋದ ಮರ್ತ್ಯಾ?’ ಎಂದು ಗದರಿದರು. ನೋಡಿದರೆ ನಿಜಕ್ಕೂ ಮರೆತಿದ್ದೆ. ಬೈಸಿಕೊಂಡು ಇಷ್ಟು ಖುಷಿಪಟ್ಟದ್ದು ಮದುವೆಯಾದ ಮೇಲೆ ಇದೇ ಮೊದಲು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಅಶೋಕನಿಗೂ ನಿನಗೂ ನನ್ನ ಆಶೀರ್ವಾದ. ಹೊತ್ತು ಹೊತ್ತಿಗೆ ಉಣ್ಣಿ.

ನಿನ್ನ ಅವ್ವ,
ಸಣ್ಣತಾಯಮ್ಮ

ಇನ್ನೊಂದು ಮಾತು: ಕಾಗದ ಮಡಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅವತ್ತು ನೀನು ಹೋದ ಮೇಲೆ ಸಿಟ್ಟಿನಲ್ಲಿ ಆ ಸಾರನ್ನು ದನದ ಕಲಗಚ್ಚಿಗೆ ಸುರಿಯಲು ಹೊರಟೆ. ‘ಬುಡು, ಕುಸುಮ ಮಾಡವ್ಳೆ’ ಎಂದು ನಿಮ್ಮಪ್ಪ ಪಾತ್ರೆ ಕಿತ್ತುಕೊಂಡರು. ಹಿತ್ತಲಿನಲ್ಲಿ ಒಬ್ಬರೇ ಕೂತು ಅಷ್ಟನ್ನೂ ಉಂಡರು. ಕಣ್ಣಲ್ಲಿ ನೀರು ಬರುತ್ತಿತ್ತು. ಮಾಡುವುದೆಲ್ಲ ಮಾಡಿ ಈಗ ನಾಟಕ ಎಂದುಕೊಂಡೆ. ಅದರ ಒಂದೊಂದು ತುತ್ತೂ ಅವರ ಬಾಯಿಗೆ ಬೇವಾಗಿತ್ತು ಎಂದು ಈಗ ತಿಳಿಯಿತು. ಅವರೆಕಾಯಿ ಮುಗಿಯುತ್ತಾ ಬಂತು, ಬೇಗ ಬಾ. ‘ಈ ಸಲ ರುಚಿ ನೋಡ್ಕಂಡು ಉಣ್ತೀನಿ ಅಂತ ಬರಿ’ ಎಂದು ಬಾಗಿಲಲ್ಲೇ ನಿಂತಿದ್ದಾರೆ.