ರಾಜಹಂಸಗಳು ಎಷ್ಟು ದೂರ ನಿಲ್ಲುತ್ತವೆ

ಮಿತ್ರವರ್ಯರಾದ ಶೆಟ್ಟೆಪ್ಪನವರಿಗೆ,

ದೇಹವನ್ನು ತೊರೆದವರ ಕ್ಷೇಮವನ್ನು ಕೇಳುವುದು ಸಲ್ಲದಾದ್ದರಿಂದ, ಇಂದು ನಡೆದುದನ್ನಷ್ಟೇ ಅರಿಕೆ ಮಾಡುತ್ತೇನೆ.

ಸೊಸೆ ರಾಧಿಕಾಳೊಡನೆ ಮುಂಬಯಿಯ ಘಾಟ್ಕೋಪರಿನ ಕ್ಯಾಮೆರಾ ಅಂಗಡಿಗೆ ಹೋಗಿದ್ದೆನು. ಹಕ್ಕಿಗಳ ಚಿತ್ರ ತೆಗೆಯಲು ಹೊಸಬನಿಗೆ ಒಪ್ಪುವಂಥದು ಬೇಕೆಂದೆನು. ಅಂಗಡಿಯ ನವೀನನು ಧಾರವಾಡದ ಕಡೆಯವನು.

“ಯಾವ ಹಕ್ಕಿರೀ, ಅಜ್ಜಾರ?”

“ರಾಜಹಂಸ.”

“ಲಗ್ನಪತ್ರಿಕಿ ಮ್ಯಾಲೆ ಇರ್ತಾವಲ್ರಿ, ಅವಾ?”

“ಫ್ಲೆಮಿಂಗೊ, ಭೈಯಾ. ಶಿವಡೀವಾಲಾ,” ಎಂದು ರಾಧಿಕಾ ನಕ್ಕಳು.

ನೀವಿದ್ದಾಗ, ರಾಜಹಂಸವು ಮಾನಸ ಸರೋವರವನ್ನು ಬಿಟ್ಟು ಶಿವಡಿಯ ಕಡಲತಡಿಯ ಕೆಸರಿನಲ್ಲಿ ನಿಲ್ಲಲಾರದೆಂದು ನಾನು ಪುರಾಣವಾಕ್ಯಗಳಿಂದ ಸಾಧಿಸುವಾಗ, ನೀವು ಕ್ಯಾಮೆರಾವನ್ನು ಹೆಗಲಿಗೇರಿಸಿ, “ನಿಮ್ಮ ಮಾನಸ ಸರೋವರನ ಶಿವಡಿಗೆ ಬಂದದ, ಬರ್ರಿ ಆಚಾರ್ರ! ಕಾಲಿಗೆ ರಾಡಿ ಹತ್ತತದ, ಅಷ್ಟ,” ಎಂದು ಪ್ರತಿ ಚಳಿಗಾಲವೂ ಕರೆಯುತ್ತಿದ್ದಿರಿ. ನನಗೆ ಪ್ರತಿಸಲವೂ ಪಾರಾಯಣವಿರುತ್ತಿತ್ತು.

ನವೀನನು ಎರಡು ಲೆನ್ಸುಗಳನ್ನು ಮುಂದಿಟ್ಟನು. ಉದ್ದನೆಯದು ದೂರದ ಹಕ್ಕಿಯನ್ನೂ ಹಿಡಿಯುವುದು, ಆದರೆ ನನ್ನ ಮುದಿ ಕೈಗೆ ಭಾರ. ಗಿಡ್ಡನೆಯದು ಹಗುರ, ಆದರೆ ಹಕ್ಕಿ ಸಮೀಪದಲ್ಲಿರಬೇಕು.

“ನೀರಿನ ದಂಡಿಯಿಂದ ಎಷ್ಟು ದೂರ ನಿಂದರತಾವರೀ?”

ನಾನೆಂದೂ ಹೋಗಿ ನೋಡಿದವನಲ್ಲವೆಂದೆನು. ಅವನು ಎರಡನ್ನೂ ಮೆತ್ತಗೆ ಪೆಟ್ಟಿಗೆಯೊಳಗಿಟ್ಟನು.

“ಅವಸರ ಬ್ಯಾಡ್ರಿ. ನೋಡಿದ ಗೆಳ್ಯಾರು ಯಾರರೆ ಇದ್ರ ಕೇಳ್ಕೊಂಡು ಬರ್ರಿ. ಆಮ್ಯಾಲೆ ಒಂದು ತೊಗೊಳ್ಳೋಣಂತ.”

ರಾಧಿಕಾ ನನ್ನ ಮುಖವನ್ನು ನೋಡಿ ತಲೆ ತಗ್ಗಿಸಿದಳು. ಕೇಳಿಕೊಂಡು ಬರುವೆನೆಂದು ಹೇಳಿ ಅಂಗಡಿಯ ಮೆಟ್ಟಿಲಿಳಿದೆನು.